ಅಲಿಬಾಗಿನ ಸೂಜಿ

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ "ಕ್ಯಾ, ಅಲಿಬಾಗ್ ಸೆ ಆಯಾ ಹೈ ಕ್ಯಾ?" ಎಂಬ ಮಾತನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಲೋಕಲ್ ಗಾಡಿಯಲ್ಲಿ ಯಾರಾದರೂ ಪೆದ್ದುಪೆದ್ದಾಗಿ ನಿಂತರೆ ಸಾಕು, ಈ ಪ್ರಶ್ನೆ ತೂರಿ ಬರುತ್ತದೆ. 2019ರಲ್ಲಿ ಅಲಿಬಾಗಿನವರೊಬ್ಬರು ಈ ಮಾತನ್ನು ನಿಷೇಧಿಸಬೇಕೆಂದು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದರು; ಅರ್ಜಿ ವಜಾ ಆಯಿತು. ಕಳೆದ ಫೆಬ್ರವರಿಯಲ್ಲಿ ಆ ಊರಿಗೆ ಹೋಗಿ ಬಂದ ಮೇಲೆ ನನಗೆ ಆ ಮನುಷ್ಯನ ಸಿಟ್ಟು ಅರ್ಥವಾಯಿತು. ಮುಂಬಯಿ ತನ್ನ ಗದ್ದಲದಲ್ಲಿ ಕೇಳಿಸಿಕೊಳ್ಳಲಾರದೆ ಬಿಟ್ಟದ್ದನ್ನು ನೂರಿಪ್ಪತ್ತು ವರ್ಷಗಳಿಂದ ಕಿವಿಗೊಟ್ಟು ಕೇಳುತ್ತಿರುವ ಊರು ಅದು.

ನಾವು ಹೋದದ್ದು ಒಂದು ದಿಕ್ಸೂಚಿಯ ದೆಸೆಯಿಂದ. ನನ್ನ ತಂದೆ ಧಾರವಾಡದ ಕಡೆ ಸರ್ವೇ ಖಾತೆಯಲ್ಲಿದ್ದವರು. ಹೊಲಗಳ ಗಡಿ ಅಳೆಯುತ್ತ ಅರ್ಧ ಆಯುಷ್ಯ ಕಳೆದರು. ಅವರ ಹಿತ್ತಾಳೆಯ ಕಂಪಾಸು, ತೊಗಲಿನ ಚೀಲದ ಸಮೇತ, ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂತು. ಅದರ ಜೊತೆಗೆ ಅವರ ಟಿಪ್ಪಣಿಯ ಪುಸ್ತಕಗಳೂ ಬಂದವು: ತಾರೀಖು, ಊರು, ದಿಕ್ಕು, ಅಂತರ, ಅಷ್ಟೇ. ಬರೆದಿಡದ ಅಳತೆ ಅಳತೆಯೇ ಅಲ್ಲ ಎನ್ನುತ್ತಿದ್ದರು. ಡೊಂಬಿವಲಿಯ ನಮ್ಮ ಮನೆಯಲ್ಲಿ ಆ ಕಂಪಾಸನ್ನು ಶೋಕೇಸಿನಲ್ಲಿ ಇಟ್ಟು, ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಒರೆಸಿ ಕುಂಕುಮ ಹಚ್ಚಿ, ಮತ್ತೆ ಅಲ್ಲಿಯೇ ಇಡುವುದು ರೂಢಿಯಾಗಿತ್ತು.

ಹನ್ನೊಂದನೆಯ ತರಗತಿಯಲ್ಲಿರುವ ಮಗ ಒಂದು ದಿನ ಅದನ್ನು ಕೈಯಲ್ಲಿ ಹಿಡಿದುಕೊಂಡು ಅಡಿಗೆಮನೆಗೆ ಬಂದ. "ಅಮ್ಮಾ, ಅಜ್ಜಾರ ಕಂಪಾಸ್ ಖರಾಬ್ ಆಗೇದ. ನಾರ್ಥ್ ಅಂದ್ರ ಸೌಥ್ ತೋರಸ್ತದ."

ನನಗೆ ಎದೆಗೆ ಚುಚ್ಚಿದಂತಾಯಿತು. ಖರಾಬ್ ಆಗುವುದೆಂದರೇನು? ಸೂಜಿ ಮುರಿದಿಲ್ಲ, ಗಾಜು ಒಡೆದಿಲ್ಲ. ನಿನ್ನ ಮೊಬೈಲೇ ತಪ್ಪು ಎಂದು ಗದರಿದೆ. ಅವನು ಮೊಬೈಲಿನಲ್ಲಿಯೂ ಕಂಪಾಸು ತೆಗೆದು ತೋರಿಸಿದ. ಸ್ಟೀಲ್ ಕಪಾಟಿನ ಪಕ್ಕ ಹೋದರೆ ಎರಡೂ ಒಂದೊಂದು ಕಡೆ ಓಡುತ್ತಿದ್ದವು. ಬಾಲ್ಕನಿಯಲ್ಲಿ ಕಬ್ಬಿಣದ ಸರಳುಗಳ ಕಾಟ. ಕಬ್ಬಿಣವಿಲ್ಲದ ಜಾಗವೇ ನಮ್ಮ ಎರಡು ಕೋಣೆಯ ಮನೆಯಲ್ಲಿ ಇರಲಿಲ್ಲ. "ಮುಂಬಯಿದಾಗ ಇದನ್ನ ಟೆಸ್ಟ್ ಮಾಡಲಿಕ್ಕೇ ಆಗೂದಿಲ್ಲ" ಎಂದ ಮಗ, ಮತ್ತು ಇದೇ ಮಾತನ್ನು ನೂರು ವರ್ಷಕ್ಕೂ ಹಿಂದೆ ದೊಡ್ಡ ವಿಜ್ಞಾನಿಯೊಬ್ಬರು ಹೇಳಿದ್ದರೆಂದು ನಮಗೆ ತಿಳಿದದ್ದು ಆಮೇಲೆ. ಸಂಘದ ಹಿರಿಯರೊಬ್ಬರು, ಅಲಿಬಾಗಿನಲ್ಲಿ ಕಾಂತ ವೇಧಶಾಲೆ ಇದೆ, ಪತ್ರ ಬರೆದು ಅನುಮತಿ ಕೇಳಿ ಎಂದು ದಾರಿ ತೋರಿಸಿದರು.

ನಾನು ಬಿ.ಎ. ಇಂಗ್ಲಿಷ್ ಓದಿದವಳು. ವಿಜ್ಞಾನದ ಜೊತೆಗಿನ ನನ್ನ ಋಣ ಎಸ್‌.ಎಸ್‌.ಎಲ್‌.ಸಿ.ಗೇ ತೀರಿತ್ತು. ಆದರೂ ಸೂಜಿಗಲ್ಲು ನಮ್ಮ ಪಠ್ಯದಲ್ಲಿಯೂ ಬಂದಿತ್ತು: ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸದಲ್ಲಿ ಆಕಾಶದಲ್ಲಿ ತೇಲುವ ಲಪುಟಾ ದ್ವೀಪವನ್ನು ಮೇಲೆ ಕೆಳಗೆ ಓಡಿಸುವುದು ಒಂದು ದೊಡ್ಡ ಸೂಜಿಗಲ್ಲೇ. ಅದಕ್ಕೂ ಮೊದಲು, ಷೇಕ್ಸ್‌ಪಿಯರ್ ಇನ್ನೂ ನಾಟಕ ಬರೆಯುತ್ತಿದ್ದ 1600ನೆಯ ಇಸವಿಯಲ್ಲಿ, ವಿಲಿಯಂ ಗಿಲ್ಬರ್ಟ್ ಎಂಬ ಲಂಡನ್ನಿನ ವೈದ್ಯ ಸೂಜಿಗಲ್ಲನ್ನು ಚೆಂಡಿನ ಹಾಗೆ ಉರುಟಾಗಿ ಕಡೆಸಿ, ಅದರ ಮೇಲೆ ಪುಟ್ಟ ಸೂಜಿಯನ್ನು ಸರಿಸುತ್ತ ನೋಡಿದ. ಹಡಗಿನವರ ದಿಕ್ಸೂಚಿ ಭೂಮಿಯ ಮೇಲೆ ಹೇಗೆ ವರ್ತಿಸುತ್ತದೋ ಈ ಸೂಜಿ ಚೆಂಡಿನ ಮೇಲೆ ಹಾಗೆಯೇ ವರ್ತಿಸಿತು. ಸೂಜಿಯನ್ನು ಎಳೆಯುವುದು ಧ್ರುವ ನಕ್ಷತ್ರವಲ್ಲ, ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು ಅವನು ಲ್ಯಾಟಿನ್ನಿನಲ್ಲಿ ಬರೆದ.

ಗೇಟ್‌ವೇಯಿಂದ ಮಾಂಡ್ವಾಕ್ಕೆ ಲಾಂಚಿನಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ಬಸ್ಸಿನಲ್ಲಿ ಅಲಿಬಾಗಿಗೆ ಸುಮಾರು 20 ಕಿಲೋಮೀಟರ್. ಕಡಲುಹಕ್ಕಿಗಳಿಗೆ ಚಿಪ್ಸ್ ಎಸೆಯುವ ಜನರ ನಡುವೆ ನಾನೂ ಮಗನೂ ಚೀಲವನ್ನು ಎದೆಗವಚಿ ಕುಳಿತಿದ್ದೆವು. ಹಿಂದೆ ಸರಿಯುತ್ತಿದ್ದ ಕೊಲಾಬಾದ ತುದಿಯಲ್ಲಿಯೇ ಈ ಕಥೆಯ ಮೊದಲ ಅಧ್ಯಾಯ ನಡೆದದ್ದು.

ಈಸ್ಟ್ ಇಂಡಿಯಾ ಕಂಪನಿ ಕೊಲಾಬಾದಲ್ಲಿ ವೇಧಶಾಲೆ ಕಟ್ಟಿಸಿದ್ದು 1826ರಲ್ಲಿ. ಹಡಗುಗಳಿಗೆ ಸರಿಯಾದ ವೇಳೆ ತಿಳಿಸುವುದು ಅದರ ಮೊದಲ ಉದ್ದೇಶ. 1830ರ ದಶಕದಲ್ಲಿ ಜರ್ಮನಿಯ ಗಣಿತಜ್ಞ ಗೌಸ್, ಭೂಮಿಯ ಕಾಂತಬಲದ ಮೂಲ ಬಹುಮಟ್ಟಿಗೆ ಭೂಮಿಯ ಒಳಗೇ ಇದೆ ಎಂದು ಲೆಕ್ಕದಿಂದ ತೋರಿಸಿ, ಲೋಕದ ನಾನಾ ಕಡೆ ಒಂದೇ ಹೊತ್ತಿಗೆ ಸೂಜಿಗಳನ್ನು ಗಮನಿಸಬೇಕೆಂದು ಎಲ್ಲರನ್ನೂ ಹುರಿದುಂಬಿಸಿದ. ಆ ಹುರುಪಿನಲ್ಲಿ 1841ರಲ್ಲಿ ಕೊಲಾಬಾದಲ್ಲಿಯೂ ಕಾಂತ ವೀಕ್ಷಣೆ ಶುರುವಾಯಿತು. ಶಿಮ್ಲಾ, ಸಿಂಗಪುರಗಳಲ್ಲಿಯೂ ಶುರುವಾಗಿತ್ತು. ಅಲ್ಲಿ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಮುಂಬಯಿಯಲ್ಲಿ ಮಾತ್ರ ನಿಲ್ಲಲಿಲ್ಲ.

ನಿಲ್ಲದೆ ಇದ್ದುದರ ಬೆಲೆ ಏನೆಂಬುದು 1859ರ ಸೆಪ್ಟೆಂಬರಿನಲ್ಲಿ ಗೊತ್ತಾಗಬೇಕಿತ್ತು. ಗೊತ್ತಾದದ್ದು ನೂರನಲವತ್ತು ವರ್ಷ ಕಳೆದ ಮೇಲೆ.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬವರು ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಸೂರ್ಯನ ಮೇಲೆ ಕಣ್ಣು ಕೋರೈಸುವ ಬೆಳಕು ಫಕ್ಕನೆ ಹೊಳೆದು ಆರಿತು. ಸುಮಾರು ಹದಿನೇಳೂವರೆ ಗಂಟೆಯ ನಂತರ, ಆ ಸ್ಫೋಟದಲ್ಲಿ ಸಿಡಿದ ವಿದ್ಯುತ್ಕಣಗಳ ಮೋಡ ಭೂಮಿಗೆ ಬಡಿಯಿತು. ಯುರೋಪು, ಅಮೆರಿಕಗಳಲ್ಲಿ ಟೆಲಿಗ್ರಾಫ್ ತಂತಿಗಳು ಕಿಡಿ ಕಾರಿದವು. ಧ್ರುವಪ್ರದೇಶದವರು ಮಾತ್ರ ಕಾಣುವ ಬಣ್ಣದ ಬೆಳಕು ಉಷ್ಣದೇಶಗಳ ಆಕಾಶದಲ್ಲಿಯೂ ಕಂಡಿತು. ಲಂಡನ್ನಿನ ಹತ್ತಿರದ ವೇಧಶಾಲೆಗಳಲ್ಲಿ ಸೂಜಿಯ ಓಲಾಟ ದಾಖಲೆಯ ಕಾಗದವನ್ನೇ ದಾಟಿಹೋಯಿತು. ಎಷ್ಟು ದೂರ ಹೋಯಿತೆಂದು ತಿಳಿಯುವ ಬಗೆಯಿಲ್ಲ.

ಕೊಲಾಬಾದಲ್ಲಿ ಆಗ ಕಣ್ಣಿನಿಂದಲೇ ನೋಡಿ ಬರೆಯುವ ಪದ್ಧತಿ. ಮಾಮೂಲಿ ದಿನಗಳಲ್ಲಿ ಗಂಟೆಗೊಮ್ಮೆ. ಸೂಜಿ ಚಂಚಲವಾದರೆ ಹದಿನೈದು ನಿಮಿಷಕ್ಕೊಮ್ಮೆ, ಐದು ನಿಮಿಷಕ್ಕೊಮ್ಮೆ. ಸೆಪ್ಟೆಂಬರ್ 2ರ ಬೆಳಿಗ್ಗೆ ಅಲ್ಲಿ ಕೂತಿದ್ದ ಸಹಾಯಕ ದೂರದರ್ಶಕದ ಮೂಲಕ ಅಳತೆಪಟ್ಟಿಯನ್ನು ನೋಡುತ್ತ ಅಂಕಿಗಳನ್ನು ಬರೆಯುತ್ತ ಹೋದ. ಸೂರ್ಯನಲ್ಲಿ ಏನಾಗಿದೆಯೆಂಬ ಸುಳಿವು ಅವನಿಗೆ ಇರಲು ಸಾಧ್ಯವಿರಲಿಲ್ಲ. ಅವನು ಬೇಸತ್ತು ಎದ್ದು ಹೋಗಲಿಲ್ಲ, ಅಷ್ಟೇ. ಭೂಮಿಯ ಕಾಂತಬಲದ ಅಡ್ಡಪಾಲು ಸುಮಾರು 1600 ನ್ಯಾನೊಟೆಸ್ಲಾದಷ್ಟು ಕುಸಿದದ್ದು ಅವನ ಅಂಕಿಗಳಲ್ಲಿ ಉಳಿದುಕೊಂಡಿತು. 2003ರಲ್ಲಿ ಅಮೆರಿಕ ಮತ್ತು ಬ್ರೆಜಿಲಿನ ವಿಜ್ಞಾನಿಗಳ ಜೊತೆ ಸೇರಿ ನಮ್ಮ ಭಾರತೀಯ ಭೂಕಾಂತತ್ವ ಸಂಸ್ಥೆಯ ಗುರುಬಕ್ಷ್ ಲಖಿನಾ ಅವರು ಈ ಹಳೆಯ ಅಂಕಿಗಳನ್ನು ಹೊರತೆಗೆದು ಪ್ರಕಟಿಸಿದಾಗ, ದಾಖಲಾದ ಅತಿ ದೊಡ್ಡ ಕಾಂತ ಬಿರುಗಾಳಿಯ ಅಳತೆ ಲೋಕಕ್ಕೆ ಸಿಕ್ಕಿತು. ಆ ಕುಸಿತದಲ್ಲಿ ಬಿರುಗಾಳಿಯ ಪಾಲೆಷ್ಟು, ಮೇಲ್ಗಾಳಿಯ ವಿದ್ಯುತ್ಪ್ರವಾಹದ ಪಾಲೆಷ್ಟು ಎಂದು ಬಲ್ಲವರು ಇಂದಿಗೂ ವಾದಿಸುತ್ತಾರೆ. ವಾದಿಸಲು ಅಂಕಿಗಳಾದರೂ ಇವೆಯಲ್ಲ!

ಇದೆಲ್ಲ ಹಳೆಯ ಕಾಲದ ಮಾತು ಎನ್ನಬೇಡಿ. 1989ರ ಮಾರ್ಚ್ 13ರಂದು ಇದಕ್ಕಿಂತ ಬಹಳ ಸಣ್ಣ ಬಿರುಗಾಳಿ ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲವನ್ನು ಕೆಡವಿ, ಸುಮಾರು 60 ಲಕ್ಷ ಜನರನ್ನು ಒಂಬತ್ತು ಗಂಟೆ ಕತ್ತಲೆಯಲ್ಲಿಟ್ಟಿತು. 2024ರ ಮೇ 10-11ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಆಕಾಶದ ಅಂಚು ಕೆಂಪಗಾದುದನ್ನು ಹಿಡಿದವು. ಹತ್ತೊಂಬತ್ತನೆಯ ಶತಮಾನದ ಟೆಲಿಗ್ರಾಫಿನ ಜಾಗದಲ್ಲಿ ಈಗ ನಮ್ಮ ಉಪಗ್ರಹಗಳಿವೆ, ಕರೆಂಟಿನ ಜಾಲವಿದೆ. 1859ರಂಥದು ಇನ್ನೊಮ್ಮೆ ಬಂದರೆ ಎಷ್ಟು ಬಲವಾಗಿರಬಹುದೆಂದು ಲೆಕ್ಕ ಹಾಕುವವರು ಇಂದಿಗೂ ಕೊಲಾಬಾದ ಆ ಪುಟಗಳನ್ನೇ ತಿರುವಬೇಕು.

ಇನ್ನು ವೇಧಶಾಲೆ ಸಮುದ್ರ ದಾಟಿದ ಕಥೆ. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಮುಂಬಯಿಯ ಕುದುರೆ ಟ್ರಾಮುಗಳನ್ನು ತೆಗೆದು ವಿದ್ಯುತ್ ಟ್ರಾಮು ತರಬೇಕೆಂಬ ಮಾತು ಎದ್ದಿತು. ಟ್ರಾಮಿನ ಕರೆಂಟು ಹಳಿಗಳಿಂದ ನೆಲಕ್ಕೆ ಸೋರಿ, ಕೊಲಾಬಾದ ನಾಜೂಕಾದ ಸೂಜಿಗಳನ್ನು ದಿನವಿಡೀ ಕುಣಿಸುವುದು ಖಚಿತ. ಆಗಿನ ನಿರ್ದೇಶಕರು ನಾನಾಭಾಯ್ ಅರ್ದೇಶಿರ್ ಫ್ರಾಮ್‌ಜಿ ಮೂಸ್, ಆ ಹುದ್ದೆಗೆ ಏರಿದ ಮೊದಲ ಭಾರತೀಯರು. ನಗರ ನಿಲ್ಲುವುದಿಲ್ಲ ಎಂದು ತಿಳಿದ ಅವರು ಸೂಜಿಗಳನ್ನೇ ಎತ್ತಿಕೊಂಡು ಹೊರಟರು. ಜಾಗ ಹುಡುಕಿದ್ದು ಅಲಿಬಾಗಿನಲ್ಲಿ, ನೇರ ರೇಖೆಯಲ್ಲಿ ಸುಮಾರು 30 ಕಿಲೋಮೀಟರ್ ದೂರ. ತಮಾಷೆಯೆಂದರೆ ಅಲಿಬಾಗಿನ ಕಡಲಕೋಟೆಯ ಹೆಸರೂ ಕೊಲಾಬಾ! ಹೀಗೆ ಸೂಜಿಗಳು ಒಂದು ಕೊಲಾಬಾ ಬಿಟ್ಟು ಇನ್ನೊಂದು ಕೊಲಾಬಾದ ನೆರೆಗೆ ಬಂದವು.

ಆದರೆ ನನಗೆ ಮೂಸ್ ಅವರ ಮೇಲೆ ಗೌರವ ಹುಟ್ಟಿದ್ದು ಬೇರೆ ಕಾರಣಕ್ಕೆ. 1904ರಲ್ಲಿ ಅಲಿಬಾಗಿನಲ್ಲಿ ಕೆಲಸ ಶುರುವಾದರೂ ಅವರು ಕೊಲಾಬಾವನ್ನು ಕೂಡಲೇ ಮುಚ್ಚಲಿಲ್ಲ. 1906ರ ವರೆಗೆ ಎರಡೂ ಕಡೆ ಒಟ್ಟೊಟ್ಟಿಗೆ ಅಳೆಸಿದರು. ಕಿರಾಣಿ ಅಂಗಡಿಯವನು ಹಳೆಯ ತಕ್ಕಡಿ ಬಿಟ್ಟು ಹೊಸದನ್ನು ತಂದರೆ, ಒಂದೇ ಬೆಲ್ಲದ ಅಚ್ಚನ್ನು ಎರಡರಲ್ಲೂ ತೂಗಿ ನೋಡಬೇಕಲ್ಲವೆ? ಹಾಗೆ. ಎರಡರ ನಡುವಿನ ವ್ಯತ್ಯಾಸ ತಿಳಿದಿದ್ದರಿಂದಲೇ 1841ರ ಅಂಕಿಯನ್ನೂ ಇಂದಿನ ಅಂಕಿಯನ್ನೂ ಒಂದೇ ಸರದಲ್ಲಿ ಪೋಣಿಸಲು ಬರುತ್ತದೆ. 1907ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಮೊದಲ ವಿದ್ಯುತ್ ಟ್ರಾಮು ಓಡಿತು. ಅಷ್ಟರಲ್ಲಿ ಮೂಸ್ ತಮ್ಮ ಕೆಲಸ ಮುಗಿಸಿದ್ದರು.

ಅಲಿಬಾಗಿನ ವೇಧಶಾಲೆ ಸಮುದ್ರಕ್ಕೆ ಹತ್ತಿರ, ಮರಗಳ ನೆರಳಿನಲ್ಲಿದೆ. ದೊಡ್ಡ ಗುಮ್ಮಟ, ದುರ್ಬೀನು ಎಂದೆಲ್ಲ ಊಹಿಸಿಕೊಂಡು ಹೋದರೆ ನಿರಾಶೆ. ನಮ್ಮನ್ನು ಬರಮಾಡಿಕೊಂಡ ಸಿಬ್ಬಂದಿಯ ಹಿರಿಯರು ಮೊದಲು ಕೇಳಿದ್ದು, ಮೈಮೇಲೆ ಕಬ್ಬಿಣ ಏನೇನಿದೆ ಎಂದು. ಮಗನ ಬೆಲ್ಟಿನ ಬಕಲು, ಕೀಲಿಕೈ, ಮೊಬೈಲು ಹೊರಬಂದವು. ನಾನು ಚಿನ್ನ ಬಿಟ್ಟರೆ ಏನೂ ಇಲ್ಲವೆಂದೆ. "ಪಿನ್ನು, ಮೇಡಂ?" ಎಂದರು. ಸೀರೆಗೆ ಚುಚ್ಚಿದ್ದ ಪಿನ್ನು ಎಣಿಸಿದೆ: ಐದು! ಅಳತೆ ನಡೆಯುವ ಕೋಣೆಗೆ ನಮ್ಮನ್ನು ಬಿಡಲಿಲ್ಲ, ಬಿಡುವುದು ಸರಿಯೂ ಅಲ್ಲ. ಹೊರಗಿನಿಂದಲೇ ನೋಡಿದೆವು.

ನೋಡಬೇಕಾದದ್ದು ಆ ಗೋಡೆಯನ್ನೇ. ಸುತ್ತಮುತ್ತ ಎಲ್ಲಿ ನೋಡಿದರೂ ಕರಿಕಲ್ಲು ಸಿಗುವ ಸೀಮೆಯಲ್ಲಿ ಈ ಕಟ್ಟಡಕ್ಕೆ ಕಲ್ಲು ಬಂದದ್ದು ಸೌರಾಷ್ಟ್ರದ ಪೋರಬಂದರಿನಿಂದ, ಅದನ್ನೂ ಪರೀಕ್ಷೆ ಮಾಡಿ ಆರಿಸಿದ್ದು. ಕಬ್ಬಿಣದ ಮೊಳೆಯಿಲ್ಲ, ಹಿತ್ತಾಳೆ ತಾಮ್ರಗಳೇ. ಏಕೆಂದರೆ ನಮ್ಮ ದಖನಿನ ಕರಿಕಲ್ಲಿಗೇ ಕಾಂತಗುಣವಿದೆ. ಅಲಿಬಾಗಿನ ಅಳತೆಯಲ್ಲಿ ಭೂಮಿಯ ಕಾಂತಬಲ ಒಟ್ಟು ಸುಮಾರು 43 ಸಾವಿರ ನ್ಯಾನೊಟೆಸ್ಲಾ. ದೊಡ್ಡ ಸಂಖ್ಯೆಯೆಂದು ಹೆದರಬೇಡಿ, ಫ್ರಿಜ್ಜಿಗೆ ಅಂಟಿಸುವ ಗೊಂಬೆಯ ಕಾಂತವೇ ಇದರ ನೂರು ಪಟ್ಟಿನಷ್ಟು ಬಲದ್ದು. ಇಷ್ಟು ಮೆಲ್ಲಗೆ ಮಾತಾಡುವ ಭೂಮಿಯಲ್ಲಿ ದಿನಕ್ಕೊಂದು ಏರಿಳಿತ ಬೇರೆ: ಬಿಸಿಲೇರಿದಂತೆ ಮೇಲಿನ ವಾಯುಮಂಡಲದಲ್ಲಿ ವಿದ್ಯುತ್ ಹರಿದು, ಕಾಂತಬಲ ಮಧ್ಯಾಹ್ನದ ಹೊತ್ತಿಗೆ ಕೆಲವು ಹತ್ತು ನ್ಯಾನೊಟೆಸ್ಲಾದಷ್ಟು ಏರಿ, ಸಂಜೆಗೆ ಇಳಿಯುತ್ತದೆ. ಗೋಡೆಯ ಆಚೆ ಕಡಲಿಗೆ ಭರತ ಇಳಿತ. ಈಚೆ ಸೂಜಿಗೂ ಅದೇ ಪರಿ.

ಹಿರಿಯರು ತಂದೆಯವರ ಕಂಪಾಸನ್ನು ಕೈಗೆ ತೆಗೆದುಕೊಂಡು, ಮುಚ್ಚಳ ತೆರೆದು, ನಕ್ಕರು. "ಕೆಟ್ಟಿಲ್ಲ. ತಿರುಗಿದೆ. ಇದನ್ನು ಎಲ್ಲಿ ಇಡುತ್ತೀರಿ?"

ಶೋಕೇಸಿನಲ್ಲಿ, ಎಂದೆ. ಮಗ ನನ್ನ ಮುಖ ನೋಡಿದ. ಶೋಕೇಸಿನ ಅದೇ ಖಾನೆಯಲ್ಲಿ, ಕಂಪಾಸಿನ ಬೆನ್ನಿಗೆ ತಾಗಿಕೊಂಡು, ಟೇಪ್‌ರೆಕಾರ್ಡರಿನ ಸ್ಪೀಕರು ಇದೆ. ಸ್ಪೀಕರಿನ ಒಳಗೆ ಬಲವಾದ ಕಾಂತ. ಸೂಜಿಯ ಉಕ್ಕಿನಲ್ಲಿ ಅಸಂಖ್ಯ ಪುಟ್ಟ ಪುಟ್ಟ ಕಾಂತಗಳು ಒಂದೇ ಕಡೆ ಮುಖ ಮಾಡಿ ನಿಂತಿರುತ್ತವೆಯಂತೆ. ಬಲವಾದ ಕಾಂತ ಹತ್ತಿರ ಬಂದರೆ ಅವು ಮುಖ ತಿರುಗಿಸಿ ನಿಲ್ಲುತ್ತವೆ. ಹೀಗೆ ತಂದೆಯವರ ಸೂಜಿಯನ್ನು ಉಲ್ಟಾ ಮಾಡಿದವಳು ನಾನೇ, ಅದೂ ಜೋಪಾನ ಮಾಡುತ್ತೇನೆಂದುಕೊಂಡು.

ನನ್ನ ಮುಖ ಸಣ್ಣಗಾದುದನ್ನು ನೋಡಿಯೋ ಏನೋ, ಅವರು ಅಂಗಳದ ಆಚೆಯ ಕರಿಕಲ್ಲನ್ನು ತೋರಿಸಿ ಹೇಳಿದರು: ಉಲ್ಟಾ ಆಗುವುದು ಭೂಮಿಗೂ ಹೊಸದಲ್ಲ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖನಿನ ಮೇಲೆ ಲಾವಾ ಹರಿದು ತಣಿದು ಈ ಕಲ್ಲಾಯಿತು. ತಣಿಯುವಾಗ ಅದರೊಳಗಿನ ಕಬ್ಬಿಣದ ಕಣಗಳು ಅಂದಿನ ಭೂಮಿಯ ಕಾಂತ ಯಾವ ಕಡೆಗಿತ್ತೋ ಅದೇ ಕಡೆ ಮುಖ ಮಾಡಿ ಹೆಪ್ಪುಗಟ್ಟಿದವು. ಈ ಕಲ್ಲಿನ ಹೆಚ್ಚಿನ ಪದರಗಳಲ್ಲಿ ಉತ್ತರದ ಜಾಗದಲ್ಲಿ ದಕ್ಷಿಣವಿದೆ! ಅಷ್ಟೇ ಅಲ್ಲ, ಆ ಕಣಗಳು ಬಾಗಿ ನಿಂತ ಕೋನದಿಂದ, ಅಂದು ನಮ್ಮ ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕೆ, ಬಹುದೂರ ಇತ್ತೆಂದು 1950ರ ದಶಕದಲ್ಲಿಯೇ ಲೆಕ್ಕ ಹಾಕಿದರು. ಭೂಖಂಡಗಳು ಸರಿಯುತ್ತವೆ ಎಂಬುದನ್ನು ಬಹಳ ಜನ ನಂಬದಿದ್ದ ಕಾಲ ಅದು. ಊರಿಗೆ ಹೋಗುವಾಗ ಖಂಡಾಲಾ ಘಾಟಿನ ಸುರಂಗಗಳಲ್ಲಿ ನೀವು ಕಾಣುವ ಕಲ್ಲು ಇದೇ. ಬೆಳಗಾವಿಯ ವರೆಗೂ, ವಿಜಾಪುರದ ವರೆಗೂ ಹರಡಿದೆ. ಗೋಲ ಗುಮ್ಮಟ ಕಟ್ಟಿದ್ದೂ ಈ ಕಲ್ಲಿನಿಂದಲೇ. ಇನ್ನು ಮೇಲೆ ಆ ಸುರಂಗ ಬಂದಾಗ ಮೊಬೈಲಿನಿಂದ ತಲೆ ಎತ್ತಿ ಒಮ್ಮೆ ನೋಡಿ.

ಮಧ್ಯಾಹ್ನ ಕಡಲ ಇಳಿತಕ್ಕೆ ಕಾಯುತ್ತ ದಂಡೆಯಲ್ಲಿ ಕುಳಿತೆವು. ಅಲಿಬಾಗಿನ ಮರಳು ಕಪ್ಪು. ಮಗ ಮನೆಯಿಂದ ತಂದಿದ್ದ ಒಂದು ಕಾಂತವನ್ನು ಮರಳಿನಲ್ಲಿ ಅದ್ದಿ ಎತ್ತಿದ. ಕಪ್ಪು ಕಣಗಳು ಗಡ್ಡದ ಹಾಗೆ ಅಂಟಿಕೊಂಡು ಬಂದವು. ಸಹ್ಯಾದ್ರಿಯ ಕಲ್ಲು ಸವೆದು ಬಂದ ಮ್ಯಾಗ್ನೆಟೈಟ್ ಅದು. ನಾನು ಅವನಿಗೆ ನನ್ನ ಪೆದ್ದ ಪ್ರಶ್ನೆ ಕೇಳಿದೆ: ಭೂಮಿಯ ಹೊಟ್ಟೆಯಲ್ಲಿ ಇಷ್ಟು ದೊಡ್ಡ ಕಾಂತದ ತುಂಡನ್ನು ಇಟ್ಟವರಾರು? ತುಂಡು ಇಲ್ಲವೇ ಇಲ್ಲ ಎಂದ. ಕಬ್ಬಿಣ ಸುಮಾರು 770 ಡಿಗ್ರಿ ಕಾದರೆ ಕಾಂತಗುಣ ಕಳೆದುಕೊಳ್ಳುತ್ತದೆ, ಭೂಮಿಯ ಒಡಲಲ್ಲಿ ಸಾವಿರಾರು ಡಿಗ್ರಿ. 2900 ಕಿಲೋಮೀಟರ್ ಆಳದಿಂದ ಕೆಳಗೆ ಕಬ್ಬಿಣ ದ್ರವವಾಗಿದೆ. ಅದು ಕೆಳಗಿನ ಶಾಖಕ್ಕೆ ಕುದಿಯುವ ಸಾರಿನಂತೆ ಮೇಲೆ ಕೆಳಗೆ ಹರಿಯುತ್ತ, ಭೂಮಿಯ ತಿರುಗುವಿಕೆಗೆ ಸಿಕ್ಕಿ ಸುಳಿಗೊಳ್ಳುತ್ತ ವಿದ್ಯುತ್ತನ್ನು ಹುಟ್ಟಿಸುತ್ತದೆ; ವಿದ್ಯುತ್ತು ಕಾಂತವನ್ನು, ಕಾಂತ ಮತ್ತೆ ವಿದ್ಯುತ್ತನ್ನು. ಸೈಕಲ್ಲಿನ ಡೈನಮೋ ಇದ್ದಂತೆ. ಕುದಿಯುವ ಸಾರು ಎಂದಾಗ ನನಗೆ ಪಟ್ಟನೆ ತಿಳಿಯಿತು: ಅದಕ್ಕೇ ಈ ಕಾಂತ ಸ್ಥಿರವಲ್ಲ, ಅದಕ್ಕೇ ಪ್ರತಿದಿನ ಅಳೆಯಬೇಕು.

ಆಮೇಲೆ ಅವನು ಮರಳಿನಲ್ಲಿ ಗ್ರಹಗಳನ್ನು ಬರೆದ. ಬುಧನಿಗೆ ನಮ್ಮ ನೂರರಲ್ಲಿ ಒಂದು ಪಾಲಿನಷ್ಟು ಕಾಂತ. ಗುರುವಿನದು ಎಲ್ಲಕ್ಕಿಂತ ಬಲಿಷ್ಠ, ಅದೂ ಕಬ್ಬಿಣದಿಂದಲ್ಲ, ಭಾರೀ ಒತ್ತಡದಲ್ಲಿ ಲೋಹದಂತಾದ ಹೈಡ್ರೋಜನ್ನಿನಿಂದ. ಗುರುವಿನ ಉಪಗ್ರಹ ಗ್ಯಾನಿಮೀಡಿಗೂ ಸ್ವಂತ ಕಾಂತವಿದೆ. ಯುರೇನಸ್ಸಿನ ಕಾಂತದ ಅಕ್ಷವಂತೂ ಅದು ತಿರುಗುವ ಅಕ್ಷದಿಂದ 59 ಡಿಗ್ರಿ ವಾಲಿದೆ. ಅಲ್ಲಿ ಅಜ್ಜನ ಕಂಪಾಸು ಇಟ್ಟುಕೊಂಡು ಹೊಲ ಅಳೆದರೆ ದಾಯಾದಿಗಳ ಜಗಳ ಎಂದಿಗೂ ಮುಗಿಯದು. ಮಂಗಳನಲ್ಲಿ ಹಿಂದೆ ಡೈನಮೋ ಇತ್ತು, ಕೋಟ್ಯಂತರ ವರ್ಷಗಳ ಹಿಂದೆ ನಿಂತಿತು. ಅದರ ಹಳೆಯ ಬಂಡೆಗಳಲ್ಲಿ ಮಾತ್ರ ಆ ನೆನಪು ಉಳಿದಿದೆಯೆಂದು 1997ರಲ್ಲಿ ಅಲ್ಲಿಗೆ ತಲುಪಿದ ಅಮೆರಿಕದ ನೌಕೆ ಕಂಡುಹಿಡಿಯಿತು. ಕಾಂತದ ಕೊಡೆ ಹೋದ ಮೇಲೆ ಮಂಗಳನ ಗಾಳಿಯನ್ನು ಸೂರ್ಯನೇ ಊದಿ ತೆಗೆದ ಎಂದು ಮಗ ಕಥೆ ಹೇಳಿದ. ಹಾಗಾದರೆ ಕಾಂತವಿಲ್ಲದ ಶುಕ್ರನಿಗೆ ಅಷ್ಟು ದಟ್ಟ ಗಾಳಿ ಹೇಗೆ ಉಳಿಯಿತಪ್ಪಾ ಎಂದೆ. ಅವನು ತಲೆ ಕೆರೆದುಕೊಂಡ. ಬಲ್ಲವರೂ ಅದನ್ನೇ ಕೇಳಿಕೊಳ್ಳುತ್ತಿದ್ದಾರಂತೆ.

ನೀರು ಸರಿದ ಮೇಲೆ ಪಾದ ಮುಳುಗುವಷ್ಟು ಕೆಸರಿನಲ್ಲಿ ಕೊಲಾಬಾ ಕೋಟೆಗೆ ನಡೆದು ಹೋದೆವು. ಕಾನ್ಹೋಜಿ ಆಂಗ್ರೆಯ ಕೋಟೆ. ಅದರ ತೋಪುಗಳ ಬಳಿ ಹೋಗುತ್ತಿದ್ದಂತೆ ನಮ್ಮ ಎರಡೂ ಕಂಪಾಸುಗಳು ಹಾದಿ ತಪ್ಪಿದವು. ಹತ್ತು ಹೆಜ್ಜೆ ಹಿಂದೆ ಬಂದರೆ ಮೊಬೈಲು ಉತ್ತರಕ್ಕೆ, ತಂದೆಯವರದು ದಕ್ಷಿಣಕ್ಕೆ, ಎರಡೂ ಒಂದೇ ಗೆರೆಯ ಮೇಲೆ. ಮುಂಬಯಿಯ ಮನೆಯಲ್ಲಿ ಆಗದ ಪರೀಕ್ಷೆ ಇಲ್ಲಿ ಅರ್ಧ ನಿಮಿಷದಲ್ಲಿ ಆಯಿತು.

ಸಂಜೆಯ ಲಾಂಚಿನಲ್ಲಿ ಎಂಜಿನ್ನಿನಿಂದ ದೂರ, ಮೂತಿಯ ಕಡೆ ಜಾಗ ಹಿಡಿದೆವು. ಮುಂಬಯಿ ಎದುರಿಗೆ, ಉತ್ತರಕ್ಕೆ. ಸೂಜಿಯ ನೀಲಿ ತುದಿ ಸ್ವಲ್ಪ ಓಲಾಡುತ್ತ ಅಲಿಬಾಗಿನ ಕಡೆಗೇ ಬೊಟ್ಟು ಮಾಡುತ್ತಿತ್ತು. ಮಗ ಜೇಬಿನಿಂದ ಕಾಂತ ತೆಗೆದ. ಅಲಿಬಾಗಿನ ಹಿರಿಯರು ವಿಧಾನ ಹೇಳಿಕೊಟ್ಟಿದ್ದರು: ಗಾಜು ಬಿಚ್ಚಿ, ಸೂಜಿಯ ಮೇಲೆ ಒಂದೇ ಕಡೆಗೆ ನಾಲ್ಕು ಸಲ ಸವರಿದರೆ ಸಾಕು.

"ಮನೀಗೆ ಹೋಗಿ ಸರಿ ಮಾಡ್ಲಿ?"

"ಮಾಡು. ಆದ್ರ ಮೊದಲ ಬರೆದಿಡು" ಎಂದೆ.

ತಂದೆಯವರ ಟಿಪ್ಪಣಿಯ ಕೊನೆಯ ಪುಸ್ತಕದಲ್ಲಿ ಖಾಲಿ ಹಾಳೆಗಳು ಉಳಿದಿದ್ದವು. ಅವರ ಅಕ್ಷರದ ಕೆಳಗೆ ಮಗ, ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ, ತಾರೀಖು ಹಾಕಿ, ಊರು ಅಲಿಬಾಗ್ ಎಂದು ಬರೆದು, ದಿಕ್ಕಿನ ಖಾನೆಯಲ್ಲಿ 'ಉಲಟಾ' ಎಂದು ಬರೆದ. ಒತ್ತಕ್ಷರ ತಪ್ಪಿತ್ತು. ನಾನು ತಿದ್ದಲಿಲ್ಲ.